ಸಂಕ ಮುಳುಗಿದ ಭಾನುವಾರಗಳು

ಕಾಸರಗೋಡಿನ ನಮ್ಮ ಕಥೋಲಿಕರ ಪ್ರಾರ್ಥನಾ ಜೀವನದ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ಸ್ಮರಣ ಸಂಚಿಕೆ ಸಮಿತಿಯವರು ಮನೆಗೇ ಬಂದು ಕೇಳಿದರು. ಆಗ ನನಗೆ ಮೊದಲು ನೆನಪಾದವರು ನನ್ನ ಅಜ್ಜಿ. ನಾವು ಅವರನ್ನು ಶಾಮಾಯ್ ಎನ್ನುತ್ತಿದ್ದೆವು.

ನಮ್ಮ ಮನೆಗೂ ಬೇಳದ ಇಗರ್ಜಿಗೂ ನಡುವೆ ಎರಡು ಗುಡ್ಡ, ಒಂದು ತೋಡು. ಆಟಿಯ ಮಳೆಗೆ ಅಡಿಕೆ ಮರದ ಸಂಕ ಮುಳುಗಿತೆಂದರೆ ಆ ಭಾನುವಾರದ ಪೂಜೆ ತಪ್ಪಿದಂತೆಯೇ. ಅಂಥ ದಿನ ಶಾಮಾಯ್ ಒಲೆಯ ಕೆಂಡ ಹಿಂದಕ್ಕೆ ಸರಿಸಿ, ಕೈಕಾಲು ತೊಳೆದು, ಸೆರಗು ತಲೆಗೆ ಹೊದ್ದು ಚಾವಡಿಯ ಆಲ್ತಾರಿನ ಮುಂದೆ ಮೊಣಕಾಲೂರುತ್ತಿದ್ದರು. ಜಪ ಮುಗಿದ ಮೇಲೆ ಕಣ್ಣು ಮುಚ್ಚಿ ಬಾಯಿ ತುಸು ತೆರೆಯುತ್ತಿದ್ದರು, ಪಾದ್ರಿಗಳು ಎದುರಿಗೇ ನಿಂತಿದ್ದಾರೆ ಎಂಬಂತೆ. ಆಮೇಲೆ ಬಹಳ ಹೊತ್ತು ಮಾತಿಲ್ಲ. ಅಲ್ಲಿಯವರೆಗೆ ಒಂದು ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ‘ಮನೆಯಲ್ಲೇ ಇದ್ದೀರಲ್ಲ, ಗಂಜಿ ಕುಡಿಯಬಾರದಾ?’ ಎಂದು ಒಮ್ಮೆ ಕೇಳಿದ್ದೆ. ‘ಕುಮ್ಗಾರ್ (ಪರಮಪ್ರಸಾದ) ತೆಗೆದುಕೊಳ್ಳುವ ಮೊದಲು ಯಾರಾದರೂ ಗಂಜಿ ಕುಡಿಯುತ್ತಾರಾ ಮಗಾ?’ ಎಂದಿದ್ದರು. ಪೂಜೆಗೆ ಹೋಗಲಾಗದಾಗ ಹೀಗೆ ಹಂಬಲದಿಂದಲೇ ಸ್ವೀಕರಿಸುವುದೇ ಆತ್ಮಿಕ ಪರಮಪ್ರಸಾದ. ತನಗದನ್ನು ದೊತೊರ್ನ್ (ಧರ್ಮೋಪದೇಶ) ಕಲಿಯುವಾಗ ಪಾದ್ರಿಗಳು ಹೇಳಿಕೊಟ್ಟದ್ದೆಂದು ಅವರು ಹೇಳುತ್ತಿದ್ದರು.

ಇದರ ಬೇರು ಹಳೆಯದು. ಹಂಬಲದಿಂದಲೇ ಪರಮಪ್ರಸಾದ ಸ್ವೀಕರಿಸುವುದೂ ಒಂದು ಬಗೆ ಎಂದು 1551ರಲ್ಲಿ ತ್ರೆಂತ್ ಮಹಾಸಭೆ ಒಪ್ಪಿತ್ತು. ಸಂತ ಅಲ್ಫೋನ್ಸುಸ್ ಲಿಗೋರಿಯವರು 1745ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪ್ರಾರ್ಥನೆ ಜನಸಾಮಾನ್ಯರ ಬಾಯಿಗೆ ಬಂತು. ನಮ್ಮವರಿಗಂತೂ ಪೂಜೆಯಿಲ್ಲದ ದಿನಗಳು ಹೊಸತಲ್ಲ. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಇಗರ್ಜಿಯೂ ಇಲ್ಲದೆ, ಪಾದ್ರಿಗಳ ಆಸರೆಯೂ ಇಲ್ಲದೆ ವಿಶ್ವಾಸವನ್ನು ಕಾಪಾಡಿಕೊಂಡವರ ಮೊಮ್ಮಕ್ಕಳು ನಾವು.

ಸೆರೆ ಮುಗಿದ ಎಷ್ಟೋ ವರ್ಷಗಳ ಮೇಲೆ, 1878ರ ಕೊನೆಯ ದಿನ ಯೇಸುಸಭೆಯ ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಮಂಗಳೂರು ಧರ್ಮಪ್ರಾಂತ್ಯದ ಮೊದಲ ಬಿಷಪ್ ನಿಕೊಲಸ್ ಪಗಾನಿಯವರ ಕಾಲದಲ್ಲಿ, 1890ರಲ್ಲಿ, ಬೇಳದ ಶೋಕಮಾತಾ ಇಗರ್ಜಿ ಎದ್ದಿತು. ಇಂದು ಅದರ ಗೋಥಿಕ್ ಚೆಲುವನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅಂದು ಅಲ್ಲಿಗೆ ಬರುತ್ತಿದ್ದವರು ಕತ್ತಲಿರುವಾಗಲೇ ಸೂಟೆ ಹಿಡಿದು, ನಡುರಾತ್ರಿಯಿಂದ ನೀರೂ ಕುಡಿಯದೆ ಗುಡ್ಡ ಇಳಿದವರು. ಪರಮಪ್ರಸಾದಕ್ಕೆ ಮುಂಚಿನ ಆ ಉಪವಾಸದ ನಿಯಮ ಸಡಿಲವಾದದ್ದು 1953ರಲ್ಲಿ. ಪದೇ ಪದೇ ಪರಮಪ್ರಸಾದ ಸ್ವೀಕರಿಸಿರಿ ಎಂದು ಹತ್ತನೇ ಪಿಯುಸ್ ಪೋಪರು 1905ರಲ್ಲೇ ಕರೆಕೊಟ್ಟಿದ್ದರೂ, ಹೊಟ್ಟೆ ಹಸಿದ ಗೇಣಿ ಒಕ್ಕಲಿಗೆ, ಬಸುರಿಗೆ, ಬಾಣಂತಿಗೆ ಅದು ಎಲ್ಲಿ ಸಾಧ್ಯವಿತ್ತು? ಹಂಬಲವೊಂದೇ ಅವರ ಪಾಲಿಗೆ ಉಳಿದಿತ್ತು.

ಮುಂದಿನ ದಶಕಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ನಾವು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದೆವು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲತೀನ್ ಹೋಗಿ ಜನರ ಭಾಷೆ ಬಂತು. ಸಂಕದ ಜಾಗದಲ್ಲಿ ಸೇತುವೆ ಬಂತು, ಬಸ್ಸು ಬಂತು. ಶಾಮಾಯ್‌ಯವರ ಪ್ರಾರ್ಥನೆ ನಮ್ಮ ಮನೆಯಲ್ಲೇ ಮರೆತುಹೋಯಿತು.

2020ರ ಮಾರ್ಚ್‌ನಲ್ಲಿ ಅದು ಮರಳಿ ಬಂತು. ಕೋವಿಡ್‌ನಿಂದ ಇಗರ್ಜಿಯ ಬಾಗಿಲು ಮುಚ್ಚಿತು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿಯೂ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ನಮ್ಮ ಬಿಷಪರು ಆಚೆ, ನಾವು ಈಚೆ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ದಾರಿ ಕಾಣದೆ ಒದ್ದಾಡಿದ ದಿನಗಳವು. ಪೋಪ್ ಫ್ರಾನ್ಸಿಸ್ ವ್ಯಾಟಿಕನ್‌ನ ಸಾಂತಾ ಮಾರ್ತಾದ ಪುಟ್ಟ ಪ್ರಾರ್ಥನಾಲಯದಿಂದ ದಿನವೂ ಪೂಜೆ ಅರ್ಪಿಸಿ, ಮನೆಯಲ್ಲಿದ್ದವರಿಗೆ ಆತ್ಮಿಕ ಪರಮಪ್ರಸಾದದ ಪ್ರಾರ್ಥನೆ ಹೇಳಿಕೊಡುತ್ತಿದ್ದರು. ಆಗ ನಾನು ನಮ್ಮ ವಾಡೆಯ (ಇಗರ್ಜಿಯ ವಾರ್ಡಿನ) ಗುರ್ಕಾರ, ಎಂದರೆ ಮುಖಂಡ. ಮೊಬೈಲಿನಲ್ಲಿ ಪೂಜೆ ನೋಡಲು ನೆಟ್‌ವರ್ಕ್ ಸಿಗದ ಮನೆಗಳಿಗಾಗಿ ಆ ಪ್ರಾರ್ಥನೆಯನ್ನು ಕೊಂಕಣಿಯಲ್ಲೂ ಕನ್ನಡದಲ್ಲೂ ಕೈಯಾರೆ ಬರೆದು, ರೇಷನ್ ಕಿಟ್‌ನ ಜೊತೆ ಗೇಟಿನ ಬಳಿ ಇಟ್ಟು ಬಂದೆ. ಏಪ್ರಿಲ್ 12ರ ಪಾಸ್ಕ ಹಬ್ಬದ ದಿನ ಬೆಳಿಗ್ಗೆ ಏಳು ಗಂಟೆಗೆ ವಾಡೆಯ ಎಲ್ಲ ಮನೆಗಳಲ್ಲೂ ದೀಪ ಹಚ್ಚಿ, ಒಂದೇ ಹೊತ್ತಿಗೆ ಅದನ್ನು ಪ್ರಾರ್ಥಿಸಿದೆವು. ಗುರ್ಕಾರನಾಗಿ ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಆತ್ಮಿಕ ಪರಮಪ್ರಸಾದ ಇಗರ್ಜಿಗೆ ಹೋಗದಿರಲು ಸಿಕ್ಕ ನೆಪವಲ್ಲ. ಹೋಗಲಾರದವನ ಕಣ್ಣೀರು ಅದು. ಆ ವರ್ಷ ಜೂನ್‌ನಲ್ಲಿ ಬಾಗಿಲು ತೆರೆಯಲು ಅನುಮತಿ ಸಿಕ್ಕಾಗಲೂ ನಮ್ಮ ಹಿರಿಯರು ಮನೆಯಲ್ಲೇ ಇರಬೇಕಾಯಿತು. ಇಂದಿಗೂ ಪ್ರತಿ ವಾಡೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ. ಈ ಸಂಚಿಕೆ ಓದುವ ಕಿರಿಯರಲ್ಲಿ ನನ್ನದೊಂದು ಬೇಡಿಕೆ: ಭಾನುವಾರ ಪೂಜೆಗೆ ಹೊರಡುವ ಮೊದಲು ಅಂಥವರ ಬಳಿ ಐದು ನಿಮಿಷ ಕೂತು, ಈ ಪ್ರಾರ್ಥನೆಯನ್ನು ಅವರ ಜೊತೆ ಹೇಳಿ ಹೋಗಿ.