ರೆಸಿಡೆಂಟ್ ಈವಿಲ್ 5: ವರ್ಣ ವಿವಾದ

ಜಪಾನಿನ ಕ್ಯಾಪ್ಕಾಮ್ ಕಂಪನಿ 2009ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಿದ ‘ರೆಸಿಡೆಂಟ್ ಈವಿಲ್ 5’ ವಿಡಿಯೋ ಗೇಮ್ ಕಪ್ಪು ಜನರನ್ನು ಚಿತ್ರಿಸಿದ ಬಗೆಯ ಸುತ್ತ ಎದ್ದ ವಿವಾದ ಇದು. ಆಟ ನಡೆಯುವುದು ಪಶ್ಚಿಮ ಆಫ್ರಿಕಾದ ಕಿಜುಜು ಎಂಬ ಕಲ್ಪಿತ ಊರಿನಲ್ಲಿ. ಪರಾವಲಂಬಿ ಜೀವಿ ಮೈಹೊಕ್ಕು ಮತಿಗೆಟ್ಟ ಊರಿನವರಿಗೆ ಕ್ರಿಸ್ ರೆಡ್‌ಫೀಲ್ಡ್ ಎಂಬ ಬಿಳಿಯ ಅಮೆರಿಕನ್ ನಾಯಕ ಗುಂಡಿಕ್ಕುತ್ತ ಮುಂದೆ ಸಾಗುತ್ತಾನೆ. ಈ ಸೋಂಕಿತರನ್ನು ಆಟ ‘ಮಜಿನಿ’ ಎಂದು ಕರೆಯುತ್ತದೆ.

ವಿವಾದ ಹುಟ್ಟಿದ್ದು ಆಟ ಕೈಸೇರುವ ಮೊದಲೇ. 2007ರ ಜುಲೈನಲ್ಲಿ ಅಮೆರಿಕದ ಇ3 ವಿಡಿಯೋ ಗೇಮ್ ಪ್ರದರ್ಶನದಲ್ಲಿ ತೋರಿಸಿದ ಟ್ರೇಲರ್ ಕಂಡು ಕಪ್ಪು ವರ್ಣೀಯ ಲೇಖಕಿಯರು ಮೊದಲು ಆಕ್ಷೇಪ ಎತ್ತಿದರು. 2008ರಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯ ಎನ್‌ಗೈ ಕ್ರೋಲ್ ಅದಕ್ಕೆ ಸ್ಪಷ್ಟ ರೂಪ ಕೊಟ್ಟರು. ಆಫ್ರಿಕಾದಲ್ಲಿ ಆಟ ಕಟ್ಟಿದ್ದಕ್ಕಾಗಲಿ, ಕಪ್ಪು ಶತ್ರುಗಳಿರುವುದಕ್ಕಾಗಲಿ ಅವರ ತಕರಾರಿರಲಿಲ್ಲ. ಸೋಂಕು ತಗಲುವ ಮೊದಲೇ ಊರಿನ ಜನ ಅಪಾಯಕಾರಿಗಳಂತೆ, ಮನುಷ್ಯತ್ವ ಕಳೆದುಕೊಂಡವರಂತೆ ಕಾಣುತ್ತಾರೆ. ಇಂಥ ಚಿತ್ರಗಳಿಗೆ ಒಂದು ಚರಿತ್ರೆಯಿದೆ, ಟ್ರೇಲರ್ ಮಾಡಿದವರಿಗೆ ಅದರ ಅರಿವೇ ಇದ್ದಂತಿಲ್ಲ ಎಂಬುದು ಅವರ ಮಾತಿನ ತಿರುಳು.

ಆಟದ ಅಭಿಮಾನಿಗಳ ಉತ್ತರ ಒಂದೇ ಆಗಿತ್ತು. 2005ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ನಾಯಕ ಸ್ಪೇನಿನ ಹಳ್ಳಿಗರನ್ನು ಕೊಲ್ಲುವಾಗ ಸುಮ್ಮನಿದ್ದವರು ಈಗೇಕೆ ಸಿಡಿಮಿಡಿಗೊಳ್ಳಬೇಕು? ಪ್ರಶ್ನೆ ಸಹಜ, ಆದರೆ ಪೊಳ್ಳು. ಸ್ಪೇನಿನ ರೈತನನ್ನು ಕಾಡುಮೃಗವೆಂದು ಸಾರಿ ಅವನ ನೆಲ, ದುಡಿಮೆ, ಪ್ರಾಣಗಳನ್ನು ಕಿತ್ತುಕೊಂಡ ಶತಮಾನಗಳಿಲ್ಲ. ಆಫ್ರಿಕನ್ನರ ಪಾಲಿಗೆ ಇವೆ. ನಿರ್ಮಾಪಕ ಜುನ್ ಟಾಕೆಯುಚಿ ಟೀಕೆಯಿಂದ ತಮಗೆ ಅಚ್ಚರಿಯಾಯಿತೆಂದರು. ತಮ್ಮ ಕೆಲಸ ಮನರಂಜನೆ, ರಾಜಕೀಯ ನಿಲುವು ಸಾರುವುದಲ್ಲ ಎಂದೂ ಹೇಳಿದರು.

ಕಪ್ಪು ಮುಖಗಳ ನಡುವೆ ಬೇರೆ ವರ್ಣದ ಶತ್ರುಗಳೂ ಅಂತಿಮ ಆಟದಲ್ಲಿ ಕಾಣಿಸಿಕೊಂಡರು. ಶೇವಾ ಅಲೋಮಾರ್ ಎಂಬ ಆಫ್ರಿಕನ್ ಹೆಣ್ಣು ನಾಯಕನ ಜೊತೆಗಾತಿಯಾಗಿ ಬಂದಳು. ಹೊಂಬಣ್ಣದ ಕೂದಲಿನ ಬಿಳಿಯ ಹೆಣ್ಣನ್ನು ಎಳೆದೊಯ್ಯುವ ದೃಶ್ಯದ ಬಗ್ಗೆ ಪತ್ರಿಕೆಗಳಲ್ಲಿ ದೂರು ಬಂದಾಗ ಬ್ರಿಟನ್ನಿನ ಚಲನಚಿತ್ರ ವರ್ಗೀಕರಣ ಮಂಡಳಿ ಅದನ್ನು ಪರಿಶೀಲಿಸಿ, ಎಳೆಯುವವನು ಕಪ್ಪು ವರ್ಣೀಯನಲ್ಲ, ದೃಶ್ಯದಲ್ಲಿ ಜನಾಂಗದ್ವೇಷವಿಲ್ಲ ಎಂದಿತು. ಕೆಂಟ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ಗ್ಲೆನ್ ಬೋಮನ್ ಅವರಿಗೂ ಆಟ ಜನಾಂಗದ್ವೇಷಿ ಎನಿಸಲಿಲ್ಲ. ಅದರಲ್ಲಿ ಅವರು ವಸಾಹತುಶಾಹಿಯ ವಿರೋಧವನ್ನು ಕಂಡರು. ಅದಕ್ಕೆ ಕಥೆಯಲ್ಲಿ ಆಧಾರವೂ ಇದೆ. ಎನ್‌ಡಿಪಾಯಾ ಬುಡಕಟ್ಟಿನ ನೆಲವನ್ನು ಅಲ್ಲಿ ಬೆಳೆಯುವ ಒಂದು ಹೂವಿಗಾಗಿ ಕಿತ್ತುಕೊಂಡದ್ದು ಅಂಬ್ರೆಲಾ ಎಂಬ ವಿದೇಶಿ ಔಷಧ ಕಂಪನಿ. ಊರಿನವರ ಮೇಲೆ ಪ್ರಯೋಗ ನಡೆಸುವವರು ಹೊರಗಿನಿಂದ ಬಂದ ಬಿಳಿಯ ಖಳರು. ಆದರೆ ಆಟಗಾರನ ಗುಂಡಿಗೆ ರಾಶಿ ರಾಶಿಯಾಗಿ ಬೀಳುವವರು ಆ ಖಳರಲ್ಲ, ಅವರಿಗೆ ಬಲಿಯಾದವರು. ಅದೇ ಎನ್‌ಡಿಪಾಯಾ ಜನ ಆಟದ ಒಂದು ಅಧ್ಯಾಯದಲ್ಲಿ ಹುಲ್ಲಿನ ಲಂಗ, ಮುಖವಾಡ ತೊಟ್ಟು ಈಟಿ ಎಸೆಯುತ್ತ ಎದುರಾಗುತ್ತಾರೆ. ಆಟಗಾರರಿಗೆ ಶೇವಾಳನ್ನು ಬುಡಕಟ್ಟಿನ ತುಂಡುಡುಗೆಯಲ್ಲಿ ನೋಡುವ ಬಹುಮಾನವೂ ಉಂಟು. ಕಥೆ ಹೇಳಿದ್ದನ್ನು ಚಿತ್ರಗಳೇ ಅಳಿಸಿಹಾಕಿವೆ.

ಇಂಥ ಜಗಳ ಹಿಂದೆಯೂ ನಡೆದಿತ್ತು. 2002ರ ‘ಗ್ರ್ಯಾಂಡ್ ಥೆಫ್ಟ್ ಆಟೋ: ವೈಸ್ ಸಿಟಿ’ಯಲ್ಲಿ ಹೈಟಿಯವರನ್ನು ಕೊಲ್ಲಿರೆಂಬ ಮಾತಿತ್ತು. 2003ರಲ್ಲಿ ಹೈಟಿ ಮೂಲದ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ ಮುಂದಿನ ಪ್ರತಿಗಳಿಂದ ಅದನ್ನು ತೆಗೆಯಲು ಆ ಆಟದ ಕಂಪನಿ ಒಪ್ಪಿತು. ಅಲ್ಲಿ ಒಂದು ಸಾಲು ತೆಗೆದರೆ ಸಾಕಿತ್ತು. ಇಲ್ಲಿ ತಪ್ಪು ಆಟದ ರಚನೆಯಲ್ಲೇ ಇತ್ತು.

2011ರಲ್ಲಿ ವಿದ್ವಾಂಸ ಆಂಡ್ರೆ ಬ್ರಾಕ್ ‘ಗೇಮ್ಸ್ ಅಂಡ್ ಕಲ್ಚರ್’ ನಿಯತಕಾಲಿಕದಲ್ಲಿ ಆಟವನ್ನಷ್ಟೇ ಅಲ್ಲ, ಟೀಕಾಕಾರರ ಮೇಲೆ ಆಟಗಾರರು ಹರಿಹಾಯ್ದ ರೀತಿಯನ್ನೂ ವಿಶ್ಲೇಷಿಸಿದರು. ಆಕ್ಷೇಪ ಎತ್ತಿದ ಕಪ್ಪು ಲೇಖಕಿಯರು ಎದುರಿಸಿದ ಬೈಗುಳದಿಂದಾಗಿ ಈ ಪ್ರಕರಣ ಕೇವಲ ಒಂದು ಆಟದ ಚರ್ಚೆಯಾಗಿ ಮುಗಿಯಲಿಲ್ಲ. ಮಾರಾಟಕ್ಕೆ ಮಾತ್ರ ಧಕ್ಕೆಯಾಗಲಿಲ್ಲ: ಕ್ಯಾಪ್ಕಾಮ್‌ನ ಅತಿ ಹೆಚ್ಚು ಮಾರಾಟವಾದ ಆಟಗಳ ಸಾಲಿನಲ್ಲಿ ಇದೂ ಒಂದು. ಅಮೆರಿಕದ ಶ್ರೇಣೀಕರಣ ಮಂಡಳಿ ಅದರ ಪೆಟ್ಟಿಗೆಯ ಮೇಲೆ ರಕ್ತಪಾತ, ತೀವ್ರ ಹಿಂಸೆ, ಒರಟು ಭಾಷೆಗಳ ಎಚ್ಚರಿಕೆ ಮುದ್ರಿಸಿತು; ವರ್ಣದ ಬಗ್ಗೆ ಅದರಲ್ಲಿ ಒಂದು ಪದವೂ ಇರಲಿಲ್ಲ.