ನಾಗಾವಿಯ ಘಟಿಕೆಯೂ ಯಂತ್ರಬುದ್ಧಿಯ ಪಾಠವೂ

ನಮ್ಮ ಅಂದೋಲಾದಿಂದ ಭೀಮಾನದಿಯನ್ನು ದಾಟಿ ಹೋದರೆ ಚಿತ್ತಾಪುರ. ಅದರ ಮಗ್ಗುಲಲ್ಲಿಯೇ ನಾಗಾವಿ. ಅಲ್ಲಿಯ ಅರವತ್ತು ಕಂಬದ ಗುಡಿಯನ್ನು ನೋಡಿ ಬಂದವರು ಅನೇಕರು. ಆದರೆ ಚಾಲುಕ್ಯರ ಕಾಲದಲ್ಲಿ ಆ ಊರು ದೊಡ್ಡದೊಂದು ವಿದ್ಯಾಪೀಠವಾಗಿತ್ತೆಂಬುದನ್ನು ಬಲ್ಲವರು ಕೆಲವರೇ. ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿಯ ಘಟಿಕಾಶಾಲೆಗೆ ಮಾಡಿದ ಏರ್ಪಾಟನ್ನು 1058ರ ಶಾಸನವು ಹೇಳುತ್ತದೆ. ವೇದ ಕಲಿಯುವವರು 200 ಮಂದಿ. ಶಾಸ್ತ್ರಾಭ್ಯಾಸಕ್ಕೆ ಸುಮಾರು 50 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರಲ್ಲದೆ ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಗುರುಗಳೆಷ್ಟೋ ಭಂಡಾರಿಗರೂ ಅಷ್ಟೇ!

ಈ ಹಳೆಯ ಮಾತನ್ನು ಈಗ ಎತ್ತಲು ಕಾರಣವುಂಟು. ಕೃತಕ ಬುದ್ಧಿಮತ್ತೆಯ ಉನ್ನತ ಪಾಠಗಳು ಎಲ್ಲೆಡೆಯೂ ಆರಂಭವಾಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2019ರಲ್ಲಿ ಅದಕ್ಕೆಂದೇ ಸ್ನಾತಕೋತ್ತರ ತರಗತಿಯನ್ನು ತೆರೆಯಿತು. ನಮ್ಮ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೂ 2009ರಲ್ಲಿ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇಂಥ ಪಾಠಕ್ಕೆ ಯಾರು ಗುರುಗಳಾಗಬೇಕು? ಗಣಿತಜ್ಞರು, ಗಣಕಶಾಸ್ತ್ರಜ್ಞರು ಎಂದು ಜನ ಥಟ್ಟನೆ ಹೇಳುತ್ತಾರೆ. ಅವರಷ್ಟೇ ಸಾಲರೆಂದು ನನಗೆ ತೋರುತ್ತದೆ.

ನಾಗಾವಿಯ ಮೂವರು ಶಾಸ್ತ್ರಗುರುಗಳನ್ನು ನೋಡಿರಿ. ಒಬ್ಬರು ಪಾಣಿನೀಯ ವ್ಯಾಕರಣದ ನ್ಯಾಸವನ್ನು ಹೇಳುವವರು. ಉಳಿದಿಬ್ಬರು ಮೀಮಾಂಸಕರು, ಆದರೆ ಒಬ್ಬರು ಭಾಟ್ಟರು, ಇನ್ನೊಬ್ಬರು ಪ್ರಾಭಾಕರರು. ಇವರಿಗೆ ಪರಸ್ಪರ ಒಪ್ಪದು. ಪದಗಳು ಮೊದಲು ತಂತಮ್ಮ ಅರ್ಥವನ್ನು ಹೇಳುತ್ತವೆ, ಆಮೇಲೆ ಆ ಅರ್ಥಗಳು ಕೂಡಿ ವಾಕ್ಯಾರ್ಥವಾಗುತ್ತದೆ ಎಂಬುದು ಭಾಟ್ಟಮತ. ಪದವು ತನ್ನ ನೆರೆಯ ಪದಗಳೊಡನೆ ಹೊಂದಿಕೊಂಡೇ ಅರ್ಥವನ್ನು ಕೊಡುತ್ತದೆ ಎಂಬುದು ಪ್ರಾಭಾಕರ ಮತ. ಇಬ್ಬರಿಗೂ ಒಂದೇ ಶಾಲೆಯಲ್ಲಿ ಭೂಮಿ ಕೊಟ್ಟು ಕೂರಿಸಿದವರ ಧೈರ್ಯವನ್ನು ಮೆಚ್ಚಬೇಕು.

ತರಗತಿಯಲ್ಲಿ ನಾನು ಕೊಡುವ ಉದಾಹರಣೆ ಇದು: ‘ಹತ್ತಿ ಬಿಡಿಸಿದರು’, ‘ಗಾಡಿ ಹತ್ತಿ ಹೋದರು’, ‘ಬೆಂಕಿ ಹತ್ತಿ ಉರಿಯಿತು’. ಹತ್ತಿ ಎಂಬ ಮಾತು ಒಂದೇ, ಅರ್ಥ ಮೂರು. ಯಂತ್ರವು ಇದನ್ನು ತಿಳಿಯುವುದೆಂತು? ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ 1956ರಲ್ಲಿ ವಿದ್ವಾಂಸರು ಕೂಡಿ ಈ ಶಾಸ್ತ್ರಕ್ಕೆ ಹೆಸರಿಟ್ಟ ಮೇಲೆ ಬಹುಕಾಲ ನಿಘಂಟು, ಸೂತ್ರಗಳನ್ನು ಯಂತ್ರಕ್ಕೆ ಉಣಿಸುವ ಮಾರ್ಗವೇ ಮೇಲಾಗಿತ್ತು. ಆ ಮಾರ್ಗದ ಉಚ್ಛ್ರಾಯ ಕಾಲದಲ್ಲಿ, 1986ರ ಡಿಸೆಂಬರಿನಲ್ಲಿ, ಸಂಸ್ಕೃತದ ಜ್ಞಾನನಿರೂಪಣೆಯನ್ನು ಕುರಿತು ಬೆಂಗಳೂರಿನಲ್ಲಿ ಒಂದು ರಾಷ್ಟ್ರೀಯ ಸಮ್ಮೇಳನ ನಡೆಯಿತು. ಶಾಸ್ತ್ರಪಂಡಿತರೂ ಗಣಕತಜ್ಞರೂ ಒಂದೇ ಸಭೆಯಲ್ಲಿ ಕುಳಿತರು. ಅದಕ್ಕೆ ಪ್ರೇರಣೆಯಾದದ್ದು ನಾಸಾದ ಸಂಶೋಧನಾ ಕೇಂದ್ರವೊಂದರಲ್ಲಿದ್ದ ರಿಕ್ ಬ್ರಿಗ್ಸ್ ಎಂಬವರ 1985ರ ಲೇಖನ. ನಾಸಾದವರು ಸಂಸ್ಕೃತದಲ್ಲಿಯೇ ಗಣಕವನ್ನು ನಡೆಯಿಸುತ್ತಾರೆಂಬ ಗಾಳಿಮಾತು ಹಬ್ಬಿದ್ದು ಅದರಿಂದಲೇ. ಲೇಖನದಲ್ಲಿ ಅಂಥ ಮಾತೇನೂ ಇಲ್ಲ. ವ್ಯಾಕರಣ-ನ್ಯಾಯಗಳ ಅರ್ಥವಿಶ್ಲೇಷಣೆಯೂ ಯಂತ್ರಕ್ಕೆ ಬೇಕಾದ ನಿರೂಪಣೆಯೂ ಒಂದೇ ಬಗೆಯವು ಎಂಬುದಷ್ಟೇ ಅವರ ವಾದ.

ಅದೇ 1986ರಲ್ಲಿ ಹಿಂಟನ್ ಮೊದಲಾದವರು, ಉದಾಹರಣೆಗಳನ್ನು ನೋಡಿ ತಪ್ಪು ತಿದ್ದಿಕೊಳ್ಳುತ್ತ ಯಂತ್ರವು ಕಲಿಯುವ ವಿಧಾನವನ್ನು ಪ್ರಸಿದ್ಧಿಗೆ ತಂದರು. ಬರಬರುತ್ತ ಆ ಪಕ್ಷವೇ ಗೆದ್ದಿತು. 2017ರಲ್ಲಿ ಗೂಗಲ್ಲಿನ ವಿಜ್ಞಾನಿಗಳು ರೂಪಿಸಿದ ಯಂತ್ರರಚನೆಯಲ್ಲಿ ಪ್ರತಿಯೊಂದು ಪದವೂ ವಾಕ್ಯದ ಉಳಿದ ಪದಗಳತ್ತ ನೋಡಿ ತನ್ನ ಬೆಲೆಯನ್ನು ಗೊತ್ತುಮಾಡಿಕೊಳ್ಳುತ್ತದೆ. ‘ಹತ್ತಿ’ಯು ಗಾಡಿಯತ್ತಲೋ ಬೆಂಕಿಯತ್ತಲೋ ನೋಡುವುದೆನ್ನಿ. ಅವರು ಪ್ರಾಭಾಕರ ಮೀಮಾಂಸೆಯನ್ನು ಓದಿದ್ದರೆಂದು ನಾನು ಹೇಳಹೊರಟಿಲ್ಲ. ಆದರೆ ಆ ಹೋಲಿಕೆಯನ್ನು ವಿದ್ಯಾರ್ಥಿಗಳಿಗೆ ತೋರಿಸಬಲ್ಲ ಒಬ್ಬ ಶಾಸ್ತ್ರಿಗೆ ಕಡಗಂಚಿಯಲ್ಲಿ ಒಂದು ಪೀಠವಿರಬಾರದೆ?

ಇನ್ನು ಭಂಡಾರಿಗರ ಮಾತು. ಈ ಯಂತ್ರಗಳು ಕಲಿಯುವುದು ಬರೆದಿಟ್ಟ ಮಾತುಗಳಿಂದ. ನಮ್ಮ ಸೀಮೆಯ ಆಡುಮಾತು ಪುಸ್ತಕಕ್ಕೆ ಬಂದದ್ದು ಬಹಳ ಕಡಿಮೆ. ಅದನ್ನು ಊರೂರು ತಿರುಗಿ ಕೂಡಿಹಾಕುವವರಿಲ್ಲದೆ ಇಂಥ ಪಾಠವನ್ನು ನಡೆಯಿಸಿದರೆ, ಅಲ್ಲಿ ಕಟ್ಟಿದ ಯಂತ್ರಕ್ಕೆ ನಮ್ಮ ಮನೆಯ ಅಜ್ಜಿ ಆಡಿದ್ದು ತಿಳಿಯದು. ಕಳೆದ ವರ್ಷ ‘ಹತ್ತಿ’ಯ ಮೂರು ಅರ್ಥಗಳನ್ನು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಇನ್ನೊಂದು ಅದ. ‘ಬರ್ಲಿಕ್ಕತ್ತೀನಿ’ ಅಂತೀವಲ್ರಿ, ಅದರಾಗೂ ಹತ್ತು ಕುಂತದ” ಎಂದಳು. ನಾಲ್ಕನೆಯದನ್ನೂ ಹಲಗೆಯ ಮೇಲೆ ಬರೆದೆ.