ಕೆಲಸದ ತೊಡಕಿಗೆ ಉದ್ದೇಶವಿಟ್ಟು ಆಡುವ ಆಟ: ಮಧುಮೇಹಿಗಳಿಗೂ ಮನೆಯವರಿಗೂ

ಉದ್ದೇಶವಿಟ್ಟು ಆಡುವ ಆಟ ಎಂದರೆ ಕೆಲಸದ ಒಂದು ತೊಡಕನ್ನು ಮುಂದಿಟ್ಟುಕೊಂಡು, ನಿಯಮ ಹಾಕಿಕೊಂಡು, ಸ್ವಲ್ಪ ಹೊತ್ತು ಆಡುವುದು. ಆಟದಲ್ಲಿ ತಪ್ಪು ನಡೆ ಇಟ್ಟರೆ ಯಾರಿಗೂ ನಷ್ಟವಿಲ್ಲ. ಹಾಗಾಗಿ ಬೇರೆ ಹೊತ್ತಿನಲ್ಲಿ ಹೇಳಲು ಅಂಜುವ ಮಾತೂ ಹೊರಬರುತ್ತದೆ.

ಇದಕ್ಕೆ ಆಧಾರವಿದೆಯೇ? ಗೋಡೆಗೆ ಮೇಣದಬತ್ತಿ ನಿಲ್ಲಿಸುವ ಕಾರ್ಲ್ ಡುಂಕರ್ ಅವರ ಒಗಟು ಪ್ರಸಿದ್ಧ. ಪಿನ್ನು ತುಂಬಿದ ಡಬ್ಬಿಯನ್ನು ಖಾಲಿ ಮಾಡಿ, ಅದನ್ನೇ ಗೋಡೆಗೆ ಚುಚ್ಚಿ ನಿಲುವಾಗಿ ಬಳಸಬೇಕು. 1987ರಲ್ಲಿ ಆಲಿಸ್ ಐಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲು ಕೆಲವು ನಿಮಿಷ ಹಾಸ್ಯಚಿತ್ರ ನೋಡಿದವರಲ್ಲಿ ಹೆಚ್ಚು ಮಂದಿ ಈ ಒಗಟು ಬಿಡಿಸಿದರು. ಕಚೇರಿಗಳಲ್ಲಿ ಆಡಿಸುವ ಎಲ್ಲ ಆಟಗಳೂ ಫಲ ಕೊಡುತ್ತವೆ ಎಂದು ಇದರರ್ಥವಲ್ಲ. ಮನಸ್ಸು ಹಗುರವಾದಾಗ ಡಬ್ಬಿ ಬರೀ ಡಬ್ಬಿಯಾಗಿ ಕಾಣುವುದಿಲ್ಲ, ಅಷ್ಟೇ.

ಬೊರಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ನೀವು ವೇಟರ್ ಎಂದುಕೊಳ್ಳಿ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದೀರಿ. ಮಧ್ಯಾಹ್ನದ ರಶ್ ಮುಗಿದು ಊಟಕ್ಕೆ ಕೂರುವಾಗ ಮೂರೂವರೆ. ಅಷ್ಟರಲ್ಲಿ ಬೆವರು, ಕೈನಡುಕ, ಆರ್ಡರ್ ಅದಲುಬದಲು. ‘ಸುಸ್ತು’ ಎಂದು ಚಹಾ ಕುಡಿದು ಸುಮ್ಮನಾಗುವವರೇ ಹೆಚ್ಚು. ಇದು ಸಕ್ಕರೆ ಇಳಿದ ಲಕ್ಷಣವಿರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಲ್ಲಿ ಇದು ಅಪರೂಪ.

ರಶ್ ಮುಗಿದ ಮೇಲೆ ಇಪ್ಪತ್ತು ನಿಮಿಷ ಕೇಳಿಕೊಳ್ಳಿ. ಹಳೆಯ ಪೇಪರಿನ ಮೇಲೆ ಅಡುಗೆಮನೆ, ಗಲ್ಲಾ, ಟೇಬಲುಗಳನ್ನು ಗೀಚಿ. ಚೌಕಾಬಾರಕ್ಕೆ ಇಡುವಂತೆ ಒಬ್ಬೊಬ್ಬರಿಗೆ ಒಂದೊಂದು ಹುಣಸೆಬೀಜ ಇಡಿ. ನಿಮ್ಮದು ಬೇರೆ ಬಣ್ಣದ ಕಾಯಿ. ಮೊದಲ ಸುತ್ತಿನಲ್ಲಿ ನಿನ್ನೆ ಮಧ್ಯಾಹ್ನ ನಡೆದದ್ದನ್ನೇ ನಡೆಸಿ. ಎರಡನೆಯದರಲ್ಲಿ ಒಂದು ನಿಯಮ: ಹೊಸ ಆಳಿಲ್ಲದೆ ಆ ಕಾಯಿ ಒಂದು ಗಂಟೆಯ ಸುಮಾರಿಗೆ ಹದಿನೈದು ನಿಮಿಷ ಊಟಕ್ಕೆ ಹೋಗಬೇಕು. ಮೂರನೆಯದರಲ್ಲಿ ಶೆಟ್ರು ವೇಟರ್ ಆಗಲಿ, ನೀವು ಗಲ್ಲಾದಲ್ಲಿ ಕೂರಿ. ಸುತ್ತು ಮುಗಿಯುವವರೆಗೆ ಯಾರೂ ‘ಆಗಲ್ಲ’ ಎನ್ನಬಾರದು. ಪಾರ್ಸೆಲ್ ಹುಡುಗ ಆ ಹೊತ್ತಿಗೆ ನಿಮ್ಮ ಎರಡು ಟೇಬಲ್ ನೋಡಿಕೊಳ್ಳಬಹುದು ಎಂಬಂಥದ್ದು ಹೊಳೆದರೆ ಒಂದು ವಾರ ಮಾಡಿ ನೋಡಿ.

ಸರಿಸಬೇಕಾದದ್ದು ಊಟದ ಹೊತ್ತು, ಕೆಲಸದ ಜಾಗ. ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯಲು ಯಂತ್ರವಿಲ್ಲದೆ ಲಕ್ಷಣಗಳಿದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಸರಿಯಾದ ಮೇಲೆ ಊಟ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು.

ಮನೆಯವರಿಗೆ ಒಂದು ಮಾತು. ಅವರ ಒಪ್ಪಿಗೆಯಿಲ್ಲದೆ ಕಾಯಿಲೆಯ ವಿಷಯವನ್ನು ಶೆಟ್ರಿಗೆ ನೀವೇ ಫೋನ್ ಮಾಡಿ ಹೇಳಬೇಡಿ. ಹೋಟೆಲಿನಲ್ಲಿ ಆಡುವುದು ಕಷ್ಟವೆಂದರೆ ರಾತ್ರಿ ಮನೆಯಲ್ಲೇ ಇಬ್ಬರೂ ಬೀಜ ಹರವಿಕೊಂಡು ಕೂರಿ. ಶೆಟ್ರ ಪಾತ್ರ ನಿಮಗಿರಲಿ, ಮರುದಿನ ಕೇಳಬೇಕಾದ ಮಾತು ಅವರ ಬಾಯಲ್ಲಿ ಒಮ್ಮೆ ಬಂದುಹೋಗಲಿ.